ಆಪಾದಿಸಿದ ಕೈಯಲ್ಲಿ ತಕ್ಕಡಿ

ಸರಕಾರದ ಪರವಾಗಿ ನ್ಯಾಯಾಲಯದಲ್ಲಿ ನಿಂತು ವರ್ಷಾನುಗಟ್ಟಲೆ ಜನರ ಮೇಲೆ ಅಪರಾಧವನ್ನು ಹೊರಿಸುತ್ತ ಬಂದವನೊಬ್ಬನು, ಒಂದು ದಿನ ಕರಿಯ ನಿಲುವಂಗಿಯನ್ನು ತೊಟ್ಟು ಅದೇ ನ್ಯಾಯಾಲಯದ ಪೀಠವನ್ನೇರುತ್ತಾನೆ. ನಿನ್ನೆಯವರೆಗೆ ಒಂದು ಪಕ್ಷವನ್ನು ಗೆಲ್ಲಿಸುವುದೇ ಅವನ ಉದ್ಯೋಗವಾಗಿದ್ದಿತು. ಇಂದಿನಿಂದ ಉಭಯ ಪಕ್ಷಗಳನ್ನೂ ಸಮನಾಗಿ ತೂಗುವುದು ಅವನ ಧರ್ಮ. ಮನುಷ್ಯನ ಮನಸ್ಸು ಇಷ್ಟು ಸುಲಭವಾಗಿ ಪಕ್ಕಕ್ಕೆ ತಿರುಗಬಲ್ಲುದೆ? ತಿರುಗುವುದಾದರೆ ಯಾವ ಗುಣದಿಂದ, ಯಾವ ಏರ್ಪಾಡಿನಿಂದ? ಇದು ತರ್ಕಕ್ಕಾಗಿ ಕಲ್ಪಿಸಿಕೊಂಡ ಪ್ರಶ್ನೆಯಲ್ಲ. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಫೆಡರಲ್ ಎಂದು ಕರೆಯಲ್ಪಡುವ ಕೇಂದ್ರ ಸರಕಾರದ ನ್ಯಾಯಪೀಠಗಳಿಗೆ ಬಂದು ಸೇರುವವರಲ್ಲಿ ಬಹು ಮಂದಿ ಈ ಹಾದಿಯನ್ನೇ ತುಳಿದವರು. ಪ್ರಜೆಯ ಸ್ವಾತಂತ್ರ್ಯವು ಕಟ್ಟಕಡೆಗೆ ಒಬ್ಬ ನ್ಯಾಯಾಧೀಶನ ಮನಸ್ಸಿನ ಮೇಲೆ ನಿಲ್ಲುವುದಾದುದರಿಂದ, ಆ ಮನಸ್ಸು ಯಾವ ಗರಡಿಯಲ್ಲಿ ಪಳಗಿ ಬಂದಿತೆಂಬುದನ್ನು ವಿಚಾರಿಸುವುದು ವ್ಯರ್ಥವಾದ ಶ್ರಮವಲ್ಲವೆಂದು ನಾವು ಭಾವಿಸುತ್ತೇವೆ.

ಮೊದಲು ಆ ದೇಶದ ಏರ್ಪಾಡನ್ನು ವಾಚಕರು ಸಂಗ್ರಹವಾಗಿ ತಿಳಿಯುವುದು ಅವಶ್ಯ. ಅಲ್ಲಿ ಪ್ರತಿಯೊಂದು ಸಂಸ್ಥಾನಕ್ಕೂ ತನ್ನದೇ ಆದ ನ್ಯಾಯಾಲಯಗಳಿವೆ. ಅವುಗಳ ಜೊತೆಗೆ ಕೇಂದ್ರ ಸರಕಾರದ ಕಾನೂನುಗಳನ್ನು ನಡೆಸಲು ಬೇರೆ ನ್ಯಾಯಾಲಯಗಳಿವೆ. ಕೆಳಗಿನ ಮೆಟ್ಟಿಲಿನಲ್ಲಿ ೯೪ ಜಿಲ್ಲಾ ನ್ಯಾಯಾಲಯಗಳು, ಅವುಗಳ ಮೇಲೆ ೧೩ ಅಪೀಲು ನ್ಯಾಯಾಲಯಗಳು, ಎಲ್ಲಕ್ಕೂ ಮೇಲೆ ೯ ಮಂದಿಯ ಸರ್ವೋಚ್ಚ ನ್ಯಾಯಾಲಯ. ಸರಕಾರದ ಪರವಾಗಿ ಕ್ರಿಮಿನಲ್ ಖಟ್ಲೆಗಳನ್ನು ಹೂಡಿ ನಡೆಸುವುದಕ್ಕೆ ೯೩ ಮಂದಿ ಮುಖ್ಯ ಸರಕಾರಿ ವಕೀಲರೂ ಅವರ ಕೈಕೆಳಗೆ ಸಾವಿರಾರು ಮಂದಿ ಸಹಾಯಕ ವಕೀಲರೂ ಇದ್ದಾರೆ. ಸ್ವಾರಸ್ಯದ ಸಂಗತಿಯೆಂದರೆ, ಜಿಲ್ಲಾ ನ್ಯಾಯಾಧೀಶ ಮತ್ತು ಸರಕಾರಿ ವಕೀಲ ಇಬ್ಬರೂ ಒಂದೇ ಶಾಸನದ ಶಿಶುಗಳು. ೧೭೮೯ನೆಯ ಇಸವಿಯ ಸೆಪ್ಟಂಬರಿನಲ್ಲಿ ಅಧ್ಯಕ್ಷ ವಾಷಿಂಗ್ಟನ್ನರು ಅಂಕಿತ ಹಾಕಿದ ನ್ಯಾಯಾಂಗ ಶಾಸನವು ಒಂದು ಕೈಯಿಂದ ನ್ಯಾಯಪೀಠವನ್ನೂ ಇನ್ನೊಂದು ಕೈಯಿಂದ ಆ ಪೀಠದ ಮುಂದೆ ಆಪಾದಿಸುವವನನ್ನೂ ನಿರ್ಮಿಸಿತು. ಆಪಾದನೆಗೆ ಒಳಗಾದ ಬಡವನ ಪರವಾಗಿ ಮಾತನಾಡುವ ವಕೀಲನನ್ನು ಮಾತ್ರ ಅದು ನಿರ್ಮಿಸಲಿಲ್ಲ. ಆ ಕೊರತೆಯು ತುಂಬಲು ಬಹುಕಾಲ ಹಿಡಿಯಿತು. ವಕೀಲನನ್ನಿಡಲು ಗತಿಯಿಲ್ಲದವನಿಗೆ ಸರಕಾರವೇ ವಕೀಲನನ್ನು ಒದಗಿಸಬೇಕೆಂಬ ವಿಧಿಯು ಸಂಸ್ಥಾನಗಳ ನ್ಯಾಯಾಲಯಗಳಿಗೂ ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯವು ಗಿಡಿಯನ್ ಎಂಬವನ ಖಟ್ಲೆಯಲ್ಲಿ ತೀರ್ಪಿತ್ತದ್ದು ೧೯೬೩ರಲ್ಲಿ. ಫೆಡರಲ್ ನ್ಯಾಯಾಲಯಗಳಲ್ಲಿ ಅಂತಹ ವಕೀಲರಿಗೆ ಸಂಬಳ ಕೊಡುವ ಶಾಸನವು ಬಂದದ್ದು ೧೯೬೪ರಲ್ಲಿ. ಆಪಾದಿಸುವ ಕಚೇರಿಗೂ ರಕ್ಷಿಸುವ ಕಚೇರಿಗೂ ವಯಸ್ಸಿನಲ್ಲಿಯೇ ಒಂದೂಮುಕ್ಕಾಲು ಶತಮಾನದ ಅಂತರವುಂಟು.

ಸರಕಾರಿ ವಕೀಲನು ನ್ಯಾಯಾಧೀಶನಾಗುವ ಏಣಿಯ ಮೆಟ್ಟಿಲುಗಳು ಹೆಚ್ಚು ಕಡಿಮೆ ಗೊತ್ತಾದವುಗಳೇ. ಹೆಸರಾದ ಕಾನೂನು ಶಾಲೆಯಲ್ಲಿ ಪದವಿ. ಒಬ್ಬ ನ್ಯಾಯಾಧೀಶನ ಬಳಿ ಒಂದೆರಡು ವರ್ಷ ಗುಮಾಸ್ತನಾಗಿ ತೀರ್ಪುಗಳ ಕರಡನ್ನು ಸಿದ್ಧಪಡಿಸುವ ಅಭ್ಯಾಸ. ಅನಂತರ ಸಹಾಯಕ ಸರಕಾರಿ ವಕೀಲನ ಹುದ್ದೆ. ಅಲ್ಲಿ ಆರೆಂಟು ವರ್ಷ ಜೂರಿಗಳ ಮುಂದೆ ವಾದಿಸಿ ಹೆಸರು ಪಡೆದ ಬಳಿಕ, ಹಲವರು ಹಣವಂತರ ಪರವಾಗಿ ವಾದಿಸುವ ದೊಡ್ಡ ವಕೀಲಸಂಸ್ಥೆಗಳಿಗೆ ಹೋಗುತ್ತಾರೆ. ಕೆಲವರು ಸರಕಾರದಲ್ಲಿಯೇ ನಿಂತು ಮುಖ್ಯ ವಕೀಲರಾಗುತ್ತಾರೆ. ಇಷ್ಟರಮೇಲೆ ರಾಜಕಾರಣದ ಬಾಗಿಲು. ತಮ್ಮ ಸಂಸ್ಥಾನದ ಸೆನೆಟ್ ಸದಸ್ಯರ ಒಲವು ಬೇಕು. ಅಧ್ಯಕ್ಷನು ಹೆಸರನ್ನು ಸೂಚಿಸಬೇಕು. ಸೆನೆಟ್ಟಿನ ಸಮಿತಿಯು ಎದುರಿಗೆ ಕೂರಿಸಿಕೊಂಡು ಪ್ರಶ್ನಿಸಬೇಕು. ಕೊನೆಗೆ ಸೆನೆಟ್ಟು ಬಹುಮತದಿಂದ ಒಪ್ಪಬೇಕು. ಒಪ್ಪಿದ ಮೇಲೆ ಆ ಹುದ್ದೆಯು ಸದ್ವರ್ತನೆ ಇರುವವರೆಗೆ, ಅಂದರೆ ವಸ್ತುತಃ ಜೀವಾವಧಿಗೆ. ಸಂಬಳವನ್ನು ಇಳಿಸಲು ಯಾರಿಗೂ ಅಧಿಕಾರವಿಲ್ಲ. ಸಂವಿಧಾನವು ಜಾರಿಗೆ ಬಂದಂದಿನಿಂದ ಮಹಾಭಿಯೋಗಕ್ಕೆ ಗುರಿಯಾಗಿ ಸೆನೆಟ್ಟಿನಿಂದ ಪದಚ್ಯುತರಾದ ಫೆಡರಲ್ ನ್ಯಾಯಾಧೀಶರು ೮ ಮಂದಿ ಮಾತ್ರ.

ಈ ಹಾದಿಯಲ್ಲಿ ನಡೆದವರ ಉದಾಹರಣೆಗಳು ಹೇರಳವಾಗಿವೆ. ಸರ್ವೋಚ್ಚ ನ್ಯಾಯಾಲಯದ ಸ್ಯಾಮ್ಯುಅಲ್ ಅಲಿಟೊ ಮಹಾಶಯರು ೧೯೮೭ರಿಂದ ೧೯೯೦ರವರೆಗೆ ನ್ಯೂಜೆರ್ಸಿಯ ಮುಖ್ಯ ಸರಕಾರಿ ವಕೀಲರಾಗಿದ್ದು, ಅದೇ ೧೯೯೦ರಲ್ಲಿ ಅಪೀಲು ನ್ಯಾಯಾಲಯವನ್ನೂ ೨೦೦೬ರಲ್ಲಿ ಸರ್ವೋಚ್ಚ ಪೀಠವನ್ನೂ ಏರಿದರು. ಅದೇ ಪೀಠದ ಸೋನಿಯಾ ಸೊಟೊಮೇಯರ್ ಅವರು ೧೯೭೯ರಿಂದ ೧೯೮೪ರವರೆಗೆ ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಲ್ಲಿ ಸಂಸ್ಥಾನದ ಪರವಾಗಿ ಅಪರಾಧಗಳ ಖಟ್ಲೆಗಳನ್ನು ನಡೆಸಿದವರು. ೧೯೯೨ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿ, ೧೯೯೮ರಲ್ಲಿ ಅಪೀಲು ನ್ಯಾಯಾಲಯಕ್ಕೆ ಬಡ್ತಿ ಪಡೆದು, ೨೦೦೯ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಸೇರಿದರು. ಭಾರತೀಯ ಮೂಲದ ಅಮೂಲ್ ಥಾಪರ್ ಅವರು ೨೦೦೬ರಲ್ಲಿ ಕೆಂಟಕಿ ಸಂಸ್ಥಾನದ ಪೂರ್ವ ಜಿಲ್ಲೆಯ ಮುಖ್ಯ ಸರಕಾರಿ ವಕೀಲರಾದರು. ೨೦೦೮ರ ಆರಂಭದಲ್ಲಿ ಅದೇ ಜಿಲ್ಲೆಯ ನ್ಯಾಯಪೀಠದಲ್ಲಿ ಕುಳಿತರು. ೨೦೧೭ರಲ್ಲಿ ಅಪೀಲು ನ್ಯಾಯಾಲಯಕ್ಕೆ ಹೋದರು. ದಕ್ಷಿಣ ಏಷ್ಯದ ಮೂಲದವರು ಜೀವಾವಧಿಯ ಫೆಡರಲ್ ನ್ಯಾಯಾಧೀಶರಾದದ್ದು ಅವರಿಂದಲೇ ಮೊದಲು. ತಾನು ಯಜಮಾನನಾಗಿದ್ದ ಕಚೇರಿಯ ವಕೀಲರೇ ಎದುರಿಗೆ ನಿಂತು "ಮಹಾಸ್ವಾಮಿ" ಎಂದು ಸಂಬೋಧಿಸುವ ಸ್ಥಿತಿಯು ಅಲ್ಲಿ ಸಾಮಾನ್ಯವಾದುದೆಂಬುದನ್ನು ಇದರಿಂದ ಊಹಿಸಬಹುದು.

ಸರಕಾರಿ ವಕೀಲರೇ ಏಕೆ ಇಷ್ಟು ಮಂದಿ ಆರಿಸಲ್ಪಡುತ್ತಾರೆ? ಕಾರಣಗಳು ಎರಡು, ಒಂದು ಮೆಚ್ಚತಕ್ಕದ್ದು, ಇನ್ನೊಂದು ಮೆಚ್ಚತಕ್ಕದ್ದಲ್ಲ. ಸಾಕ್ಷಿಯನ್ನು ಹೇಗೆ ಪರೀಕ್ಷಿಸಬೇಕು, ಪುರಾವೆಯ ನಿಯಮಗಳೇನು, ಜೂರಿಗೆ ಹೇಗೆ ತಿಳಿಯಹೇಳಬೇಕು ಎಂಬುದನ್ನು ದಿನಂಪ್ರತಿಯ ಅಭ್ಯಾಸದಿಂದ ಬಲ್ಲವನು ಪೀಠಕ್ಕೆ ತಕ್ಕವನೆಂಬುದು ನಿರ್ವಿವಾದ. ಸಿವಿಲ್ ವ್ಯಾಜ್ಯಗಳಲ್ಲಿ ಕಾಗದಪತ್ರಗಳ ನಡುವೆಯೇ ಜೀವ ಸವೆಸಿದ ವಕೀಲನಿಗೆ ಈ ಅನುಭವವಿರುವುದಿಲ್ಲ. ಇದು ಮೆಚ್ಚತಕ್ಕ ಕಾರಣ. ಎರಡನೆಯದು ರಾಜಕಾರಣದ ಅಂಜಿಕೆ. ಕಳ್ಳರನ್ನೂ ಲಂಚಕೋರರನ್ನೂ ಸೆರೆಗೆ ಕಳುಹಿಸಿದವನ ಹೆಸರು ಸೆನೆಟ್ಟಿನ ಮುಂದೆ ಬಂದಾಗ ಯಾವ ಪಕ್ಷದವನಿಗೂ ಅಡ್ಡಿಮಾಡಲು ಧೈರ್ಯ ಸಾಲದು. ಕೊಲೆಗಾರನ ಪರವಾಗಿಯೂ ವಾದಿಸಿದವನ ಹೆಸರು ಬಂದರೆ, ಅವನ ಕಕ್ಷಿಗಾರರ ಪಾಪವನ್ನೆಲ್ಲ ಅವನ ತಲೆಗೇ ಕಟ್ಟುವರು. ಆಪಾದಿತನಿಗೆ ವಕೀಲನಿರಲೇಬೇಕೆಂದು ಸಂವಿಧಾನದಲ್ಲಿ ಬರೆದಿಟ್ಟುಕೊಂಡ ರಾಷ್ಟ್ರವೇ, ಆ ವಿಧಿಯನ್ನು ನಡೆಸಿಕೊಟ್ಟವನನ್ನು ಸಂದೇಹದಿಂದ ನೋಡುವುದು ವಿಚಿತ್ರವಲ್ಲದೆ ಮತ್ತೇನು?

ಸರಕಾರಿ ವಕೀಲನ ಅಧಿಕಾರವು ಎಷ್ಟು ದೊಡ್ಡದೆಂಬುದನ್ನು ಅಮೇರಿಕದವರಿಗೆ ನಿಚ್ಚಳವಾಗಿ ತಿಳಿಸಿದವರು ಅಲ್ಲಿನ ಸರಕಾರದ ಮುಖ್ಯ ವಕೀಲರೇ ಆಗಿದ್ದ ರಾಬರ್ಟ್ ಜಾಕ್‌ಸನ್ ಮಹಾಶಯರು. ಅವರು ಅಟಾರ್ನಿ ಜನರಲ್ಲರಾಗಿದ್ದಾಗ, ೧೯೪೦ನೆಯ ಏಪ್ರಿಲ್ ೧ರಂದು, ದೇಶದ ನಾನಾ ಜಿಲ್ಲೆಗಳಿಂದ ವಾಷಿಂಗ್ಟನ್ನಿಗೆ ಬಂದು ನೆರೆದಿದ್ದ ಸರಕಾರಿ ವಕೀಲರನ್ನು ಕುರಿತು ಮಾಡಿದ ಭಾಷಣವನ್ನು ಆ ದೇಶದ ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಪ್ರಜೆಯ ಜೀವ, ಸ್ವಾತಂತ್ರ್ಯ, ಮಾನ ಇವುಗಳ ಮೇಲೆ ಸರಕಾರಿ ವಕೀಲನಿಗಿರುವಷ್ಟು ಹತೋಟಿ ಆ ದೇಶದಲ್ಲಿ ಮತ್ತಾರಿಗೂ ಇಲ್ಲವೆಂದು ಅವರು ತಮ್ಮ ಕೈಕೆಳಗಿನವರಿಗೇ ಮುಖಕ್ಕೆ ಹೇಳಿದರು. ಶಾಸನ ಗ್ರಂಥಗಳು ಅಪರಾಧಗಳಿಂದ ತುಂಬಿರುವುದರಿಂದ, ಮೊದಲು ಒಬ್ಬ ಮನುಷ್ಯನನ್ನು ಆರಿಸಿಕೊಂಡು ಆಮೇಲೆ ಅವನಿಗೆ ಹೊಂದುವ ಅಪರಾಧವನ್ನು ಹುಡುಕುವುದು ಸುಲಭವೆಂದೂ, ಆ ಕಚೇರಿಯ ಅತ್ಯಂತ ದೊಡ್ಡ ಅಪಾಯವು ಇದೇ ಎಂದೂ ಎಚ್ಚರಿಸಿದರು. ಅದಕ್ಕೆ ಐದು ವರ್ಷ ಮುಂಚೆ, ೧೯೩೫ರ ಬರ್ಗರ್ ಖಟ್ಲೆಯಲ್ಲಿ, ನ್ಯಾಯಮೂರ್ತಿ ಸದರ್‌ಲ್ಯಾಂಡರು ಸರಕಾರಿ ವಕೀಲನ ಉದ್ದೇಶ ಖಟ್ಲೆಯನ್ನು ಗೆಲ್ಲುವುದಲ್ಲ, ನ್ಯಾಯವು ನಡೆಯುವಂತೆ ನೋಡುವುದು ಎಂದು ತೀರ್ಪಿನಲ್ಲಿ ಬರೆದಿದ್ದರು.

ಜಾಕ್‌ಸನ್ನರ ಕಾಲದಿಂದೀಚೆಗೆ ಆ ಅಧಿಕಾರವು ಕುಗ್ಗಲಿಲ್ಲ, ಹಿಗ್ಗಿತು. ೧೯೮೪ರ ಶಾಸನವೊಂದರಿಂದ ಶಿಕ್ಷೆಗಳನ್ನು ಅಂಕಗಣಿತದ ಕೋಷ್ಟಕದಂತೆ ಅಳೆಯುವ ಸೂತ್ರಗಳು ಹುಟ್ಟಿದವು. ೧೯೮೬ರಲ್ಲಿ ಮಾದಕದ್ರವ್ಯಗಳ ಅಪರಾಧಗಳಿಗೆ ಕಡ್ಡಾಯದ ಕನಿಷ್ಠ ಶಿಕ್ಷೆಗಳು ಬಂದವು. ಕ್ರ್ಯಾಕ್ ಎಂಬ ರೂಪದ ಕೊಕೇನು ೫ ಗ್ರಾಮು ಸಿಕ್ಕಿದರೆ ಐದು ವರ್ಷ. ಪುಡಿಯ ರೂಪದ ಕೊಕೇನಾದರೆ ಅದೇ ಐದು ವರ್ಷಕ್ಕೆ ೫೦೦ ಗ್ರಾಮು ಬೇಕು. ಈ ತಾರತಮ್ಯವನ್ನು ಕಾಂಗ್ರೆಸ್ ಸಭೆಯು ಕಡಿಮೆ ಮಾಡಿದ್ದು ೨೦೧೦ರಲ್ಲಿ. ಆಪಾದಿತನ ಹಿಂದಿನ ಅಪರಾಧವನ್ನು ಸರಕಾರಿ ವಕೀಲನು ದಾಖಲು ಮಾಡಿದರೆ ಕನಿಷ್ಠ ಶಿಕ್ಷೆಯು ಇಮ್ಮಡಿಯಾಗುತ್ತಿದ್ದಿತು. ದಾಖಲು ಮಾಡುವುದು ಬಿಡುವುದು ಅವನ ಇಚ್ಛೆ. ಯಾವ ಆರೋಪವನ್ನು ಹೊರಿಸಬೇಕೆಂದು ವಕೀಲನು ತನ್ನ ಕೊಠಡಿಯಲ್ಲಿ ತೀರ್ಮಾನಿಸಿದೊಡನೆ ಶಿಕ್ಷೆಯೂ ಅಲ್ಲಿಯೇ ತೀರ್ಮಾನವಾದಂತಾಯಿತು. ನ್ಯಾಯಾಧೀಶನಿಗೆ ಉಳಿದದ್ದು ಅದನ್ನು ಓದಿ ಹೇಳುವ ಕೆಲಸ. ಕೋಷ್ಟಕವು ಕಡ್ಡಾಯವಲ್ಲ, ಸಲಹೆ ಮಾತ್ರ ಎಂದು ಸರ್ವೋಚ್ಚ ನ್ಯಾಯಾಲಯವು ೨೦೦೫ರಲ್ಲಿ ಬೂಕರ್ ಖಟ್ಲೆಯಲ್ಲಿ ತೀರ್ಪಿತ್ತಿತು. ಆದಾಗ್ಯೂ ಕಡ್ಡಾಯದ ಕನಿಷ್ಠ ಶಿಕ್ಷೆಗಳು ಶಾಸನದಲ್ಲಿಯೇ ಉಳಿದವು.

ಇದರ ಫಲವೇನು? ಆಪಾದಿತನ ಮುಂದೆ ಎರಡು ದಾರಿಗಳು: ತಪ್ಪನ್ನು ಒಪ್ಪಿಕೊಂಡರೆ ಕಡಿಮೆ ಆರೋಪ, ಕೆಲವು ವರ್ಷಗಳ ಸೆರೆ, ಒಪ್ಪದೆ ವಿಚಾರಣೆಯನ್ನು ಕೇಳಿ ಸೋತರೆ ಅದರ ಎರಡು ಮೂರರಷ್ಟು. ನಿರಪರಾಧಿಯಾದವನೂ ಲೆಕ್ಕ ಹಾಕಿ ನೋಡಿ ಒಪ್ಪಿಕೊಳ್ಳುವ ಪರಿಸ್ಥಿತಿ. ೨೦೧೩ರಲ್ಲಿ ವಜಾ ಆಗದೆ ಉಳಿದ ಫೆಡರಲ್ ಕ್ರಿಮಿನಲ್ ಖಟ್ಲೆಗಳಲ್ಲಿ ನೂರಕ್ಕೆ ೯೭ಕ್ಕಿಂತ ಹೆಚ್ಚಿನವು ತಪ್ಪೊಪ್ಪಿಗೆಯ ಕರಾರಿನಿಂದ ಮುಗಿದವು. ಜೂರಿಯ ಮುಂದೆ ಬಂದವು ಬೆರಳೆಣಿಕೆಯಷ್ಟು. ಈ ಅಂಕಿಯನ್ನು ಮುಂದಿಟ್ಟು, ನಿರಪರಾಧಿಗಳೂ ತಪ್ಪೊಪ್ಪಿಕೊಳ್ಳುತ್ತಿದ್ದಾರೆಂದು ೨೦೧೪ರಲ್ಲಿ ಲೋಕದ ಮುಂದೆ ಬರೆದವರು ಆಪಾದಿತರ ಸಂಘದವರಲ್ಲ. ತಾವೇ ಒಂದು ಕಾಲದಲ್ಲಿ ಸರಕಾರಿ ವಕೀಲರಾಗಿದ್ದ ಒಬ್ಬ ಫೆಡರಲ್ ನ್ಯಾಯಾಧೀಶರು. ಅವರ ಹೆಸರು ಜೆಡ್ ರೇಕಾಫ್. ನಮ್ಮ ಪ್ರಶ್ನೆಗೆ ಉತ್ತರವನ್ನು ಒಂದು ಜೀವನದಲ್ಲಿ ಹುಡುಕುವುದಾದರೆ ಅವರ ಜೀವನವೇ ಅತ್ಯಂತ ಬೋಧಪ್ರದವಾದುದು.

ರೇಕಾಫ್ ಮಹಾಶಯರು ೧೯೪೩ರಲ್ಲಿ ಫಿಲಡೆಲ್ಫಿಯದಲ್ಲಿ ಜನಿಸಿದರು. ೧೯೬೯ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯಿಂದ ಹೊರಬಂದು ಅಪೀಲು ನ್ಯಾಯಾಧೀಶರೊಬ್ಬರ ಬಳಿ ಗುಮಾಸ್ತರಾದರು. ೧೯೭೩ರಿಂದ ೧೯೮೦ರವರೆಗೆ ನ್ಯೂಯಾರ್ಕಿನ ದಕ್ಷಿಣ ಜಿಲ್ಲೆಯಲ್ಲಿ ಸಹಾಯಕ ಸರಕಾರಿ ವಕೀಲರಾಗಿದ್ದು, ಕೊನೆಯ ಎರಡು ವರ್ಷ ವ್ಯಾಪಾರ ಮತ್ತು ಷೇರುಗಳ ವಂಚನೆಯ ಖಟ್ಲೆಗಳ ವಿಭಾಗಕ್ಕೆ ಮುಖ್ಯಸ್ಥರಾದರು. ಅನಂತರ ಹದಿನೈದು ವರ್ಷ ಖಾಸಗಿ ವಕೀಲಿ. ಮೊದಲು ಯಾರನ್ನು ಆಪಾದಿಸುತ್ತಿದ್ದರೋ ಅಂತಹವರ ಪರವಾಗಿಯೇ ಈಗ ವಾದ. ಅಧ್ಯಕ್ಷ ಕ್ಲಿಂಟನ್ನರು ೧೯೯೫ರಲ್ಲಿ ಅವರ ಹೆಸರನ್ನು ಸೂಚಿಸಿದರು. ೧೯೯೬ರಲ್ಲಿ ಅವರು ಅದೇ ದಕ್ಷಿಣ ಜಿಲ್ಲೆಯ ಪೀಠದಲ್ಲಿ ಕುಳಿತರು. ಅವರು ಮೇಜಿನ ಎರಡು ಪಕ್ಕಗಳಲ್ಲಿಯೂ ಕುಳಿತು ಬಂದವರೆಂಬುದನ್ನು ವಾಚಕರು ಗಮನದಲ್ಲಿಡಬೇಕು.

೨೦೦೨ರ ಜುಲೈಯಲ್ಲಿ, ಕ್ವಿನೋನೆಸ್ ಎಂಬವನ ಖಟ್ಲೆಯಲ್ಲಿ, ರೇಕಾಫ್ ಅವರು ಫೆಡರಲ್ ಮರಣದಂಡನೆಯ ಶಾಸನವು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತರು. ಜೀವಾಣುಗಳ ಪರೀಕ್ಷೆಯಿಂದ ಎಷ್ಟೋ ಮಂದಿ ಮರಣಶಿಕ್ಷೆ ಹೊಂದಿದವರು ನಿರಪರಾಧಿಗಳೆಂದು ಆಗಲೇ ರುಜುವಾತಾಗಿತ್ತು. ಗಲ್ಲಿಗೇರಿಸಿದ ಬಳಿಕ ದೊರೆಯುವ ಪುರಾವೆಯಿಂದ ಸತ್ತವನಿಗೆ ಏನು ಪ್ರಯೋಜನ ಎಂಬುದು ಅವರ ವಾದದ ಸಾರ. ಅದೇ ವರ್ಷದ ಡಿಸೆಂಬರಿನಲ್ಲಿ ಅಪೀಲು ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ತೀರ್ಪು ನಿಲ್ಲಲಿಲ್ಲ. ಆದರೆ ಅದನ್ನು ಬರೆದವರ ಹಿರಿಯಣ್ಣನೊಬ್ಬನು ೧೯೮೫ರಲ್ಲಿ ಮನಿಲಾ ನಗರದಲ್ಲಿ ಕೊಲೆಯಾದವನೆಂಬುದನ್ನೂ, ಆ ದುಃಖದ ದಿನಗಳಲ್ಲಿ ಕೊಲೆಗಾರನ ಸಾವನ್ನು ತಾವು ಬಯಸಿದ್ದುಂಟೆಂದು ರೇಕಾಫ್ ಅವರೇ ಬಹಿರಂಗವಾಗಿ ಹೇಳಿದ್ದನ್ನೂ ನೆನೆದಾಗ, ನ್ಯಾಯಾಧೀಶನ ಸಮಚಿತ್ತವೆಂಬುದು ಕೇವಲ ಪುಸ್ತಕದ ಮಾತಲ್ಲವೆಂಬುದು ಮನದಟ್ಟಾಗುತ್ತದೆ. ಆಪಾದಿಸಿದ ಅಭ್ಯಾಸವೂ ಸ್ವಂತ ದುಃಖವೂ ಒಂದೇ ಕಡೆಗೆ ಎಳೆಯುತ್ತಿದ್ದರೂ ತಕ್ಕಡಿಯ ಮುಳ್ಳು ಆ ಕಡೆಗೆ ವಾಲಲಿಲ್ಲ.

ನಮ್ಮ ದೇಶದವರ ಕುತೂಹಲವನ್ನು ಕೆರಳಿಸಿದ ಖಟ್ಲೆಯೊಂದೂ ಅವರ ಮುಂದೆಯೇ ನಡೆಯಿತು. ಸ್ವಾತಂತ್ರ್ಯದ ಹೋರಾಟದಲ್ಲಿ ಸೆರೆಮನೆಯನ್ನು ಕಂಡ ಬಂಗಾಲಿ ಪತ್ರಕರ್ತರೊಬ್ಬರ ಮಗನಾಗಿ ಕಲಕತ್ತೆಯಲ್ಲಿ ಹುಟ್ಟಿ, ಮೆಕಿನ್ಸೆ ಸಂಸ್ಥೆಯ ಮುಖ್ಯಸ್ಥರಾಗಿ, ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಬ್ಯಾಂಕಿನ ನಿರ್ದೇಶಕರಾಗಿದ್ದ ರಜತ್ ಗುಪ್ತರು, ಆ ಮಂಡಲಿಯ ಗುಟ್ಟುಗಳನ್ನು ಷೇರು ವ್ಯಾಪಾರದ ಗೆಳೆಯನಿಗೆ ಮುಟ್ಟಿಸಿದರೆಂದು ಜೂರಿಯು ೨೦೧೨ರ ಜೂನಿನಲ್ಲಿ ತೀರ್ಮಾನಿಸಿತು. ಆಪಾದಿಸಿದ ಕಚೇರಿಯ ಮುಖ್ಯಸ್ಥರೂ ಭಾರತದಲ್ಲಿ, ಪಂಜಾಬಿನ ಫಿರೋಜಪುರದಲ್ಲಿ, ಹುಟ್ಟಿದ ಪ್ರೀತ್ ಭರಾರಾ. ಸರಕಾರಿ ವಕೀಲರು ೮ರಿಂದ ೧೦ ವರ್ಷಗಳ ಸೆರೆಯನ್ನು ಬೇಡಿದರು. ಕೋಷ್ಟಕದಂತೆ ೭೮ ತಿಂಗಳಿಗೆ ಕಡಿಮೆಯಿಲ್ಲ. ರೇಕಾಫ್ ಅವರು ಅಕ್ಟೋಬರ್ ೨೪ರಂದು ವಿಧಿಸಿದ್ದು ಎರಡು ವರ್ಷದ ಸೆರೆ ಮತ್ತು ೫೦ ಲಕ್ಷ ಡಾಲರು ದಂಡ. ಮನುಷ್ಯನನ್ನು ಹಣದ ಮೊತ್ತ ಒಂದರಿಂದಲೇ ಅಳೆಯುವ ಕೋಷ್ಟಕವು ನ್ಯಾಯವಲ್ಲವೆಂಬುದು ಅವರ ನಿಲುವು. ಅದಕ್ಕೆ ಮುಂಚೆ ೨೦೦೬ರಲ್ಲಿ ಅಡೆಲ್ಸನ್ ಎಂಬ ಕಂಪನಿಯ ಅಧಿಕಾರಿಗೆ ಕೋಷ್ಟಕವು ಜೀವಾವಧಿಯನ್ನು ಸೂಚಿಸಿದ್ದಾಗ ಅವರು ೪೨ ತಿಂಗಳ ಸೆರೆಯನ್ನು ವಿಧಿಸಿದ್ದರು.

ಹಾಗಾದರೆ ಅವರು ಸಿರಿವಂತರಿಗೆ ಮೆತ್ತನೆಯ ನ್ಯಾಯಾಧೀಶರೋ ಎಂದು ಯಾರಾದರೂ ಶಂಕಿಸಬಹುದು. ಆ ಶಂಕೆಗೆ ಎಡೆಯಿಲ್ಲ. ಬ್ಯಾಂಕ್ ಆಫ್ ಅಮೇರಿಕವು ಷೇರುದಾರರಿಂದ ಸಂಗತಿಗಳನ್ನು ಮರೆಮಾಚಿದ ವಿಷಯದಲ್ಲಿ ಸರಕಾರದ ಷೇರುಪೇಟೆಯ ಆಯೋಗವು ೩೩೦ ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡು ಬಂದಾಗ, ೨೦೦೯ರಲ್ಲಿ ಅವರು ಅದನ್ನು ತಿರಸ್ಕರಿಸಿದರು. ಮರುವರ್ಷ ಬ್ಯಾಂಕು ೧೫ ಕೋಟಿ ಡಾಲರನ್ನು ಕೊಡಬೇಕಾಯಿತು. ೨೦೧೧ರಲ್ಲಿ ಸಿಟಿಗ್ರೂಪಿನೊಡನೆ ಆದ ೨೮.೫ ಕೋಟಿ ಡಾಲರಿನ ರಾಜಿಯನ್ನೂ, ತಪ್ಪು ನಡೆದಿದೆಯೋ ಇಲ್ಲವೋ ಎಂಬುದನ್ನೇ ಹೇಳದ ಕಾಗದಕ್ಕೆ ಮೊಹರು ಒತ್ತಲಾರೆನೆಂದು ತಳ್ಳಿದರು. ೨೦೧೪ರಲ್ಲಿ ಅಪೀಲು ನ್ಯಾಯಾಲಯವು ಆ ತೀರ್ಪನ್ನು ರದ್ದುಮಾಡಿತು. ೨೦೦೮ರ ಆರ್ಥಿಕ ಕುಸಿತಕ್ಕೆ ಕಾರಣರಾದ ಬ್ಯಾಂಕುಗಳ ಹಿರಿಯ ಅಧಿಕಾರಿಗಳ ಮೇಲೆ ಖಟ್ಲೆಗಳೇಕೆ ನಡೆಯಲಿಲ್ಲವೆಂದು ಬಹಿರಂಗವಾಗಿ ಪ್ರಶ್ನಿಸಿದವರೂ ಅವರೇ. ದುರ್ಬಲನ ಮೇಲೆ ಸರಕಾರವು ಅತಿಯಾಗಿ ಎರಗುವುದು, ಪ್ರಬಲನ ಮುಂದೆ ಸರಕಾರವು ಬೇಗನೆ ಕೈಕುಲುಕುವುದು, ಈ ಎರಡೂ ಒಂದೇ ಕಚೇರಿಯ ಸ್ವೇಚ್ಛೆಯಿಂದ ಹುಟ್ಟುವ ದೋಷಗಳೆಂಬುದನ್ನು ಅವರು ಅರಿತಿದ್ದರು. ಹಾವಿನ ಹೆಜ್ಜೆಯನ್ನು ಹಾವೇ ಬಲ್ಲುದೆಂಬ ನಮ್ಮ ಗಾದೆಯು ಇಲ್ಲಿ ಸಾರ್ಥಕವಾಗಿದೆ.

ಇದರಿಂದ ನಾವು ತೆಗೆಯಬೇಕಾದ ಸಿದ್ಧಾಂತವೇನು? ಸರಕಾರಿ ವಕೀಲನಾಗಿದ್ದವನು ಒಳ್ಳೆಯ ನ್ಯಾಯಾಧೀಶನಾಗಲಾರನೆಂಬುದು ಸುಳ್ಳು. ಆ ಕಚೇರಿಯ ಒಳಹೊರಗನ್ನು ಬಲ್ಲವನೇ ಅದರ ಅತಿಕ್ರಮಗಳನ್ನು ಬೇಗ ಕಂಡುಹಿಡಿಯಬಲ್ಲನು. ಅಲಿಟೊ ಮತ್ತು ಸೊಟೊಮೇಯರ್ ಇಬ್ಬರೂ ಆ ಹಾದಿಯಲ್ಲಿ ಬಂದವರಾದರೂ ಎಷ್ಟೋ ಮುಖ್ಯ ತೀರ್ಪುಗಳಲ್ಲಿ ಎದುರುಬದುರು ಪಕ್ಷಗಳಲ್ಲಿ ನಿಂತಿದ್ದಾರೆ. ಆದುದರಿಂದ ಹಾದಿಯೊಂದೇ ಮನಸ್ಸನ್ನು ನಿರ್ಣಯಿಸುವುದಿಲ್ಲ. ಆದರೆ ಎಲ್ಲರೂ ರೇಕಾಫರಾಗುವುದಿಲ್ಲ. ಹಳೆಯ ಪಕ್ಷಪಾತವು ತನಗೆ ತಿಳಿಯದಂತೆಯೇ ಮನುಷ್ಯನಲ್ಲಿ ಉಳಿಯಬಹುದೆಂಬುದಕ್ಕೆ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ನಡೆದ ಸಂಗತಿಯು ಸಾಕ್ಷಿ. ಅಲ್ಲಿ ಫಿಲಡೆಲ್ಫಿಯದ ಮುಖ್ಯ ಸರಕಾರಿ ವಕೀಲರಾಗಿ ಒಬ್ಬನಿಗೆ ಮರಣದಂಡನೆಯನ್ನು ಕೇಳಲು ಅನುಮತಿಯಿತ್ತವರೇ, ಮುಂದೆ ಸಂಸ್ಥಾನದ ಮುಖ್ಯ ನ್ಯಾಯಮೂರ್ತಿಗಳಾಗಿ, ಅದೇ ಖಟ್ಲೆಯು ಬಂದಾಗ ಪೀಠದಿಂದ ಸರಿಯಲು ಒಪ್ಪದೆ ಕುಳಿತರು. ಒಬ್ಬನೇ ವ್ಯಕ್ತಿಯು ಆಪಾದಿಸುವವನೂ ತೀರ್ಪುಗಾರನೂ ಆಗಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೬ರಲ್ಲಿ ವಿಲಿಯಮ್ಸ್ ಖಟ್ಲೆಯಲ್ಲಿ ಸಾರಬೇಕಾಯಿತು. ಫೆಡರಲ್ ನ್ಯಾಯಾಧೀಶರಿಗಾದರೋ ಸರಕಾರದ ಸೇವೆಯಲ್ಲಿ ತಾವು ವಕೀಲರಾಗಿ ಭಾಗವಹಿಸಿದ ಖಟ್ಲೆಯನ್ನು ವಿಚಾರಿಸಕೂಡದೆಂಬ ಶಾಸನವೇ ಉಂಟು. ಆ ಶಾಸನವು ಒಂದು ಖಟ್ಲೆಯನ್ನು ದೂರವಿಡಬಲ್ಲುದು. ಒಂದು ಅಭ್ಯಾಸವನ್ನು ದೂರವಿಡಲಾರದು.

ಈ ತತ್ತ್ವದ ಬೆಲೆಯು ನಮ್ಮ ದೇಶದವರಿಗೆ ಹೊಸದಲ್ಲ. ಪರಸರಕಾರದ ಕಾಲದಲ್ಲಿ ಜಿಲ್ಲೆಯ ಅಧಿಕಾರಿಯೊಬ್ಬನೇ ಪೋಲೀಸಿನ ಮೇಲಧಿಕಾರಿಯೂ ಮ್ಯಾಜಿಸ್ಟ್ರೇಟನೂ ಆಗಿದ್ದನು. ಆಡಳಿತವನ್ನೂ ನ್ಯಾಯವನ್ನೂ ಬೇರ್ಪಡಿಸಿರೆಂದು ಕಾಂಗ್ರೆಸ್ಸು ತನ್ನ ಆರಂಭದ ಅಧಿವೇಶನಗಳಿಂದಲೂ ಕೂಗಿತು. ಆ ಕೂಗೇ ನಮ್ಮ ಸಂವಿಧಾನದ ೫೦ನೆಯ ಅನುಚ್ಛೇದವಾಗಿ, ೧೯೭೩ರ ದಂಡಪ್ರಕ್ರಿಯಾ ಸಂಹಿತೆಯ ಮೂಲಕ ಕಾರ್ಯರೂಪಕ್ಕೆ ಬಂದಿತು. ಕಚೇರಿಗಳನ್ನು ಬೇರ್ಪಡಿಸುವುದು ಮೊದಲನೆಯ ಹೆಜ್ಜೆ. ಕಚೇರಿಯಿಂದ ಕಚೇರಿಗೆ ಹೋಗುವವನ ಮನಸ್ಸನ್ನು ಬೇರ್ಪಡಿಸುವುದು ಅದಕ್ಕಿಂತ ಕಠಿಣವಾದ ಎರಡನೆಯ ಹೆಜ್ಜೆ.

ಜಾಕ್‌ಸನ್ ಮಹಾಶಯರ ಮುಂದಿನ ಚರಿತ್ರೆಯು ಈ ಎರಡನೆಯ ಹೆಜ್ಜೆಯನ್ನು ಇಟ್ಟವರ ಚರಿತ್ರೆ. ಅವರು ೧೯೪೧ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಸೇರಿದರು. ೧೯೪೩ರಲ್ಲಿ, ಯುದ್ಧವು ಭರದಿಂದ ನಡೆಯುತ್ತಿರುವಾಗಲೇ, ಶಾಲೆಯ ಮಕ್ಕಳನ್ನು ಧ್ವಜವಂದನೆಗೆ ಬಲಾತ್ಕರಿಸಕೂಡದೆಂಬ ತೀರ್ಪನ್ನು ಬರೆದರು. ೧೯೪೪ರಲ್ಲಿ ಜಪಾನೀ ವಂಶದ ಪ್ರಜೆಗಳನ್ನು ಪಶ್ಚಿಮ ತೀರದಿಂದ ಹೊರಹಾಕಿದ್ದನ್ನು ಕೊರೆಮಾಟ್ಸು ಖಟ್ಲೆಯಲ್ಲಿ ಬಹುಮತವು ಎತ್ತಿಹಿಡಿದಾಗ, ತಮ್ಮನ್ನು ಪೀಠಕ್ಕೆ ನೇಮಿಸಿದ ಅಧ್ಯಕ್ಷ ರೂಸ್‌ವೆಲ್ಟರ ಸರಕಾರಕ್ಕೇ ವಿರುದ್ಧವಾಗಿ ಭಿನ್ನಮತವನ್ನು ಬರೆದವರಲ್ಲಿ ಅವರೊಬ್ಬರು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಬಹುಮತದ ತೀರ್ಪು ಬರೆದ ದಿನವೇ ತಪ್ಪಾಗಿತ್ತೆಂದು ಹೇಳಿತು. ೧೯೪೫ರಲ್ಲಿ ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರನ್ನು ಆಪಾದಿಸಲು ಅವರೇ ಪೀಠದಿಂದಿಳಿದು ಮತ್ತೆ ವಕೀಲರಾದರು. ಆ ನ್ಯಾಯಮಂಡಲಿಯು ಮೂವರನ್ನು ಬಿಡುಗಡೆ ಮಾಡಿತು. ಮುಖ್ಯ ಆಪಾದಕರ ಮಾತಿಗೂ ಸಾಕ್ಷ್ಯವಿಲ್ಲದೆ ಬೆಲೆಯಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಕಿಲ್ಲ.

ಆದರೆ ಒಂದು ರಾಷ್ಟ್ರದ ನ್ಯಾಯವು ಜಾಕ್‌ಸನ್ನರಂತಹವರು, ರೇಕಾಫರಂತಹವರು ಆಗಾಗ್ಗೆ ಹುಟ್ಟಿಬರುವರೆಂಬ ಅದೃಷ್ಟವನ್ನು ನಂಬಿ ಕುಳಿತಿರಲಾಗದು. ನಮ್ಮ ಮತದಲ್ಲಿ ಪರಿಹಾರವು ಸರಳವಾಗಿದೆ: ಪೀಠಕ್ಕೆ ಒಂದೇ ಬಾಗಿಲಿರಬಾರದು. ಆಪಾದಿಸಿ ಅನುಭವ ಪಡೆದವರಂತೆಯೇ ಆಪಾದಿತರನ್ನು ರಕ್ಷಿಸಿ ಅನುಭವ ಪಡೆದವರೂ ಪೀಠದಲ್ಲಿ ಕುಳಿತಿರಬೇಕು. ಒಬ್ಬರ ಕಣ್ಣಿಗೆ ಕಾಣದ್ದು ಮತ್ತೊಬ್ಬರ ಕಣ್ಣಿಗೆ ಕಾಣುತ್ತದೆ. ೨೦೦೫ರಿಂದ ೨೦೦೭ರವರೆಗೆ ಬಡ ಆಪಾದಿತರ ಪರವಾಗಿ ಸರಕಾರದ ಸಂಬಳದಿಂದಲೇ ವಾದಿಸಿದ ಕೆಟಾಂಜಿ ಬ್ರೌನ್ ಜಾಕ್‌ಸನ್ ಅವರು ೨೦೧೩ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿ, ೨೦೨೨ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಸೇರಿದಾಗ, ಅಂತಹ ಹುದ್ದೆಯಿಂದ ಆ ಪೀಠಕ್ಕೆ ಬಂದವರಲ್ಲಿ ಅವರೇ ಮೊದಲಿಗರಾದರು. ಗಿಡಿಯನ್ ತೀರ್ಪಾಗಿ ಐವತ್ತೊಂಬತ್ತು ವರ್ಷಗಳಾಗಿದ್ದವು. ತಡವಾಗಿಯಾದರೂ ಎರಡನೆಯ ಬಾಗಿಲು ತೆರೆಯಿತು.

ರೇಕಾಫ್ ಅವರದೇ ಇನ್ನೊಂದು ಸಲಹೆಯುಂಟು. ಸರಕಾರಿ ವಕೀಲರು ತಮ್ಮ ಸೇವೆಯ ನಡುನಡುವೆ ಕೆಲವು ತಿಂಗಳ ಕಾಲ ಬಡ ಆಪಾದಿತರ ವಕೀಲರಾಗಿ ಕೆಲಸ ಮಾಡಬೇಕೆಂದು ಅವರು ಸೂಚಿಸಿದ್ದಾರೆ. ಸೆರೆಮನೆಯ ಭೇಟಿಯ ಕೊಠಡಿಯಲ್ಲಿ ಕುಳಿತು, ಆಪಾದಿತನ ತಾಯಿಯ ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬಂದವನು, ಮರುದಿನ ತನ್ನ ಕಚೇರಿಗೆ ಹಿಂದಿರುಗಿ ಆರೋಪಪತ್ರವನ್ನು ಬರೆಯುವಾಗ ಒಂದು ಕ್ಷಣವಾದರೂ ಲೇಖನಿಯನ್ನು ತಡೆದು ಯೋಚಿಸುವನು. ಮುಂದೆ ಅವನು ನ್ಯಾಯಾಧೀಶನಾದರೆ ಆ ಒಂದು ಕ್ಷಣವೇ ಅವನ ದೊಡ್ಡ ಬಂಡವಾಳವಾಗುವುದು. ಈ ಸಲಹೆಗೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ. ಹೊಸ ಕಟ್ಟಡಗಳೂ ಬೇಕಿಲ್ಲ. ಅಧಿಕಾರದಲ್ಲಿರುವವರ ಮನಸ್ಸು ಬೇಕು.

ಸರಕಾರವು ಖಟ್ಲೆಯಲ್ಲಿ ಸೋತರೂ ನ್ಯಾಯವು ಗೆದ್ದರೆ ಸರಕಾರಕ್ಕೇ ಜಯವೆಂದು ತಿಳಿಯುವ ವಕೀಲನು ಪೀಠವನ್ನೇರಿದರೆ ಆ ಪೀಠಕ್ಕೆ ಭೂಷಣ. ಖಟ್ಲೆಯ ಗೆಲುವೇ ನ್ಯಾಯವೆಂದು ತಿಳಿದವನು ಏರಿದರೆ, ಆಪಾದಿತನಿಗೆ ಎದುರಾಳಿಗಳು ಇಬ್ಬರಾಗುವರು: ಕೆಳಗೊಬ್ಬ, ಮೇಲೊಬ್ಬ. ಇವರಲ್ಲಿ ಯಾರನ್ನು ಆರಿಸಬೇಕೆಂಬ ವಿವೇಕವು ಹೆಸರನ್ನು ಸೂಚಿಸುವ ಅಧ್ಯಕ್ಷನಲ್ಲಿಯೂ ಒಪ್ಪಿಗೆ ಕೊಡುವ ಸೆನೆಟ್ಟಿನಲ್ಲಿಯೂ ಇರಬೇಕು. ಅವರನ್ನು ಆರಿಸಿ ಕಳುಹಿಸುವ ಪ್ರಜೆಗಳಲ್ಲಿ ಎಲ್ಲಕ್ಕೂ ಮೊದಲು ಇರಬೇಕು.